ಮೇಣ ಎನ್ನಲು ಹೋಗಿ

ಕಾಸ್ತೆಲ್‌ಫಿದಾರ್ದೊದಲ್ಲಿ
ಕಿವಿ ನೆಟ್ಟಗಿದ್ದವರಿಗೆ ಕೆಲಸಕ್ಕೆ ಕೊರತೆಯಿಲ್ಲ.
ಗುಡ್ಡದ ಮೇಲೆ ಮನೆಗೊಂದು ಅಕಾರ್ಡಿಯನ್,
ಒಂದಲ್ಲ ಒಂದು ದಿನ ಎಲ್ಲವೂ ಉಸಿರು ಸೋರುತ್ತವೆ,
ಎರ್ಮೆತೆಯ ಬಾಗಿಲಿಗೆ ಬರುತ್ತವೆ.

ನಾನಲ್ಲಿ ಮೂರು ವರ್ಷದಿಂದ ಕಲಿಯುವವಳು, ನಿವೆಸ್.
ತಿದಿ ಮಡಿಸುವುದು, ಜೇನುಮೇಣ ಕರಗಿಸುವುದು,
ಮುದುಕನ ಸಿಗರೇಟಿನ ಬೂದಿ ಗುಡಿಸುವುದು.

ಫೆಬ್ರವರಿಯ ಒಂದು ಮಂಗಳವಾರ
ಅವನ ಎಡಗಣ್ಣಿನ ಮುಂದೆ
ಅಂಗಡಿಯ ಶಟರ್ ಎಳೆದಂತೆ ಕತ್ತಲೆ ಇಳಿಯಿತಂತೆ,
ಮೇಲಿನಿಂದ, ಸದ್ದಿಲ್ಲದೆ.
ನೋವಿಲ್ಲ. ಕಾಫಿ ಆರುವಷ್ಟರಲ್ಲಿ ಮತ್ತೆ ತೆರೆಯಿತು.
'ಮರದ ಧೂಳು' ಅಂದ, ಕನ್ನಡಕ ಒರೆಸಿದ.
ನಾನೂ ನಂಬಿದೆ. ಧೂಳು ಇದ್ದೇ ಇತ್ತು.

ಹನ್ನೊಂದು ದಿನದ ಮೇಲೆ
ಬಲಗೈಯಿಂದ ರೀಡು ಜಾರಿ ಬಿತ್ತು
(ನಮ್ಮ ಕಸುಬಿನಲ್ಲಿ ಅದಕ್ಕೆ ದನಿ ಎನ್ನುತ್ತೇವೆ).
ಹೆಕ್ಕಲು ಹೋದ ಬೆರಳು
ಅವನದಲ್ಲವೆಂಬಂತೆ ನೆಲ ತಡವಿತು.
ಮೇಣ ಕೇಳಲು ಬಾಯಿ ತೆರೆದವನು
'ಗುರುವಾರ ಕೊಡು' ಅಂದ.
ಮತ್ತೆ, ಸಿಟ್ಟಿನಿಂದ, 'ಗುರುವಾರ!'
ತುಟಿಯ ಬಲತುದಿ ಒಂದಿಷ್ಟು ಜೋತಿತ್ತು.
ಏಳು ನಿಮಿಷ. ಗಡಿಯಾರ ನೋಡಿದ್ದೆ, ಯಾಕೆಂದು ಗೊತ್ತಿಲ್ಲ.
ಆಮೇಲೆ ಎಲ್ಲ ಸರಿ. ಮೇಣ ಮೇಣವೇ.
'ಹೋಯಿತಲ್ಲ, ಬಿಡು' ಎಂದು ಬೆಂಕಿಪೊಟ್ಟಣ ಹುಡುಕಿದ.

ನಾನು ಬಿಡಲಿಲ್ಲ. ಆಂಬ್ಯುಲೆನ್ಸ್ ಹತ್ತುವವರೆಗೂ
ನನ್ನ ವಂಶಕ್ಕೆಲ್ಲ ಬೈದ.

ಅಂಕೋನಾದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ
ದವಡೆಯ ಕೆಳಗೆ ಸ್ಟೆತೊಸ್ಕೋಪ್ ಒತ್ತಿ
'ಉಸಿರು ಹಿಡಿಯಿರಿ' ಅಂದಳು, ತಾನೂ ಹಿಡಿದಳು.
'ಬಂದು ಹೋದದ್ದಲ್ಲ ಇದು,
ವಿಳಾಸ ನೋಡಿಕೊಂಡು ಹೋದದ್ದು.'
ಐವತ್ತು ವರ್ಷದ ಹೊಗೆ, ಅರ್ಧಕ್ಕೆ ಬಿಟ್ಟ ಬಿಪಿ ಮಾತ್ರೆ,
ಕುರ್ಚಿಯಲ್ಲಿ ಕೂತಂತೆಯೇ ಲಕ್ವ ಹೊಡೆದ ಅಪ್ಪ,
ಒಂದೊಂದೇ ಕೇಳಿ ಬರೆದುಕೊಂಡಳು.

ಮುದುಕ ಆ ಕೊಳವೆಗೆ ಕೈ ಚಾಚಿದ.
ಕಿವಿಗಿಟ್ಟು, ತನ್ನ ಕತ್ತನ್ನು ತಾನೇ ಕೇಳಿದ.
ಬಹಳ ಹೊತ್ತು.
'ಸೋರಿಕೆಯಲ್ಲ, ನಿವೆಸ್.
ಇಕ್ಕಟ್ಟಿನಲ್ಲಿ ನುಗ್ಗುವ ಸದ್ದು.
ಇದನ್ನು ಬಿಚ್ಚದೆ ಆಗದು.'

ಬಿಚ್ಚಿದರು. ಕೆರೆದರು. ಹೊಲಿದರು.
ಕತ್ತಿನ ಎಡಕ್ಕೆ ಈಗ ತಿದಿಯ ಮಡಿಕೆಯಂಥ ಗೆರೆ.

ಏಪ್ರಿಲಿನಲ್ಲಿ ಮತ್ತೆ ಕೆಲಸಕ್ಕೆ ಕೂತ, ಬಾಯಲ್ಲಿ ಸೋಂಪು,
ತೊಡೆಯ ಮೇಲೆ ಯಾರದೋ ಮದುವೆಯ ಅಕಾರ್ಡಿಯನ್.
ತಲೆ ಎತ್ತದೆ, 'ಗುರುವಾರ ಕೊಡು' ಅಂದ.

ನನ್ನ ಕೈ ಫೋನಿನ ಮೇಲಿತ್ತು,
ಕಣ್ಣು ಗಡಿಯಾರದ ಮೇಲೆ,
ಅವನು ನಗುವ ಮೊದಲೇ.

ನಾನು ನಗಲಿಲ್ಲ.
'ಮೇಣ ಅನ್ನು' ಅಂದೆ.
'ಎರಡೂ ಕೈ ಎತ್ತು. ಇನ್ನೊಮ್ಮೆ ಹೇಳು, ಮೇಣ.'