ಸೀಮೆಸುಣ್ಣದ ಚುಕ್ಕೆ

ಹಲ್ ಊರು, ಹೆಸ್ಲ್ ರೋಡು, ಟೈರಿನಂಗಡಿಯ ನೆತ್ತಿಯ ಮೇಲೆ
ಹದಿನೇಳು ಮೆಟ್ಟಿಲಿನ ಜಿಮ್ಮು. ಮಂಗಳವಾರ, ಗುರುವಾರ.
ಎರವಲು ಹೆಡ್‌ಗಾರ್ಡಿನೊಳಗೆ
ನನಗಿಂತ ಮೊದಲು ಬೆವೆತವರೆಲ್ಲರ ಹಣೆ.

ಸ್ಪಿಂಕ್‌ಗೆ ದಾಕ್ಷಾಯಣಿ ಬಾಯಿಗೆ ಬರುವುದಿಲ್ಲ.
'ಡಾಕ್' ಎನ್ನುತ್ತಾನೆ. ಹಡಗು ತಂದು ಕಟ್ಟುವ ಕಟ್ಟೆ.
ಹದಿನಾರಕ್ಕೇ ಮೀನಿನ ಹಡಗು ಹತ್ತಿದವನು,
ಹಗ್ಗದ ಗಾಲಿಗೆ ಎರಡು ಬೆರಳು ಕೊಟ್ಟು ಇಳಿದವನು.
ಉಳಿದ ಮೂರರಲ್ಲಿ ನನ್ನ ಹೆಗಲು ಹಿಡಿದು ಅಲ್ಲಾಡಿಸಿ
'ಇದೇನಿದು, ಬಾಗಿಲ ಅಗುಳಿಯೆ?' ಎಂದ.

ಮೊದಲ ಆರು ವಾರ ಹೊಡೆದದ್ದೆಲ್ಲ ತೋಳಿನಿಂದ.
ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಇದ್ದಬದ್ದ ಸಿಟ್ಟೆಲ್ಲ ಬಸಿದು:
ಕ್ಯಾರವಾನ್ ಕಾರ್ಖಾನೆಯ ಸೂಪರ್‌ವೈಸರು, ಕಟ್ಟದ ಗ್ಯಾಸಿನ ಬಿಲ್ಲು,
ಬಿಡುಗಡೆಯ ಕಾಗದಕ್ಕೆ ತಿಂಗಳುಗಟ್ಟಲೆ ಸಹಿ ಹಾಕದವನು.
ಚೀಲ ಮಾತ್ರ ಒಂದಿಷ್ಟು ತೂಗಿ ಸುಮ್ಮನಾಯಿತು,
ನೆಂಟರ ಕಷ್ಟ ಕೇಳಿ ತಲೆಯಾಡಿಸುವವರ ಹಾಗೆ.

'ಸಿಟ್ಟಿಗೆ ತೂಕವಿಲ್ಲ ಡಾಕ್. ನಿನಗಿದೆ. ಅರವತ್ತೊಂದು ಕೇಜಿ.
ಅಷ್ಟನ್ನೂ ಮನೆಯಲ್ಲಿ ಬಿಟ್ಟು ಬರೀ ಕೈ ಕಳಿಸುತ್ತೀಯಲ್ಲ.'

ನನ್ನ ಬಲ ಮುಂಗಾಲ ಕೆಳಗೆ
ಸೀಮೆಸುಣ್ಣದಲ್ಲೊಂದು ಚುಕ್ಕೆ ಇಟ್ಟ.
'ಚೀಲ ಮರೆತುಬಿಡು. ಇದನ್ನು ಅಳಿಸು.'

ಒಂದು ಗಂಟೆ ಅದೇ.
ಮುಂಗಾಲು ಹೊಸಕು, ಹಿಮ್ಮಡಿ ಹೊರಗೆ ತಿರುಗಲಿ,
ಹಿಮ್ಮಡಿಯ ಮಾತು ಮೊಳಕಾಲು ಕೇಳಲಿ, ಮೊಳಕಾಲಿನದು ಸೊಂಟ,
ಹೆಗಲಿಗೆ ಸುದ್ದಿ ತಡವಾಗಿ. ಕೈಗೆ ಎಲ್ಲರಿಗಿಂತ ಕೊನೆಗೆ.
ಮುಷ್ಟಿ ಸಡಿಲವಿರಲಿ, ತಾಗುವ ಗಳಿಗೆಗಷ್ಟೇ ಬಿಗಿ,
ಕೂಡಲೇ ಗಲ್ಲಕ್ಕೆ ವಾಪಸು, ಕಾದ ಹಂಚು ಮುಟ್ಟಿದವರಂತೆ.
(ಅವನು ಅಂದದ್ದು ಇಸ್ತ್ರಿಪೆಟ್ಟಿಗೆ. ಹಂಚು ನನ್ನದು.)

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ:
ಗುದ್ದು, ಗುದ್ದಲಿ, ಒಂದೇ ಬಳ್ಳಿಯ ಕಾಯಿ ಇರಬೇಕು.
ನಾನಂತೂ ಗುದ್ದಲಿ ಹಿಡಿದವಳಲ್ಲ. ಗದಗಿನಲ್ಲಿ ನಮ್ಮದು ಛಾಪಖಾನೆ,
ಲಗ್ನಪತ್ರಿಕೆ, ರಸೀದಿ ಪುಸ್ತಕ, ಸತ್ತವರ ಕಾರ್ಡು.
ಅಪ್ಪ ಟ್ರೆಡಲನ್ನು ಕಾಲಲ್ಲಿ ತುಳಿಯುತ್ತಿದ್ದ,
ಅಚ್ಚು ಮೇಲೆಲ್ಲೋ ಬೀಳುತ್ತಿತ್ತು.

ಇವತ್ತು ಡೊರೋತಾ. ಇಪ್ಪತ್ತೆರಡು. ಮೀನು ಸೀಳುವ ಶೆಡ್ಡಿನ ಕೆಲಸದವಳು.
ಚೀಲ ತಿರುಗಿ ಹೊಡೆಯುವುದಿಲ್ಲ ಎಂಬ ಸರಳ ಸತ್ಯ
ಅವಳೆದುರು ನಿಂತ ಮೇಲೆ ಹೊಳೆಯಿತು.
ಮೊದಲ ಸುತ್ತಿನಲ್ಲೇ ಅವಳ ಎಡಗೈ
ನನ್ನ ಮೂಗಿನ ವಿಳಾಸಕ್ಕೆ ಮೂರು ಅಂಚೆ ಹಾಕಿತು.
ಕಲಿತದ್ದೆಲ್ಲ ಮರೆತೆ. ಹೆಗಲು ಕಿವಿಗೇರಿತು.
'ಉಸಿರಾಡು!' ಸ್ಪಿಂಕ್ ಕೂಗಿದ, ಯಾರೋ ನೀರಿಗೆ ಬಿದ್ದ ಹಾಗೆ.

ಎರಡನೆಯದರಲ್ಲಿ, ಹೇಗೆಂದು ಕೇಳಬೇಡಿ,
ಹೊಡೆಯಬೇಕೆಂದು ಅನ್ನಿಸದ ಒಂದು ಕ್ಷಣ,
ಕಾಲು ತುಳಿಯಿತು.
ನೆಲದಿಂದ ಏನೋ ಹೊರಟು ನನ್ನೊಳಗಿಂದ ಹಾದುಹೋಯಿತು
ನನ್ನನ್ನೇನೂ ಕೇಳದೆ.
ಸದ್ದು ಬೇರೆಯಿತ್ತು. ತೊಗಲಿನದಲ್ಲ, ಬಾಗಿಲಿನದು.

ಡೊರೋತಾ ಎರಡು ಹೆಜ್ಜೆ ಹಿಂದೆ, ಹಗ್ಗಕ್ಕೆ. ತುಟಿಯಲ್ಲಿ ಕೆಂಪು.
'ಅಯ್ಯ ಯವ್ವಾ, ಸಾರಿ, ಸಾರಿ' ಎನ್ನುತ್ತ ಕೈ ಇಳಿಸಿದೆ.
ಇಳಿಸಿದ್ದಕ್ಕೆ ದವಡೆಗೆ ಒಂದು ಬಿತ್ತು.
ಸ್ಪಿಂಕ್ ನಕ್ಕ ನಗೆಗೆ ಕೆಳಗೆ ಟೈರುಗಳು ಉರುಳಿರಬೇಕು.

'ಬಲ ಬಂತು,' ಎಂದ, ಗ್ಲೌಸಿನ ದಾರ ಬಿಚ್ಚುತ್ತ.
'ಇನ್ನು ಅದರಲ್ಲಿ ಮುಕ್ಕಾಲು ಒಳಗಿಟ್ಟುಕೊಳ್ಳುವುದು ಕಲಿ.
ಇದು ಸ್ಪಾರಿಂಗು. ಅವಳಿಗೆ ನಾಳೆ ಕೆಲಸವಿದೆ.'
ಇರುವುದನ್ನು ಬಚ್ಚಿಡುವುದು ನನಗೆ ಹೊಸತು.
ಇಲ್ಲದ್ದನ್ನು ತೋರಿಸಿ ಬದುಕಿದವಳು ನಾನು.

ಬಸ್ ಸ್ಟಾಪಿನಲ್ಲಿ ಒಂದೇ ಪೊಟ್ಟಣ ಚಿಪ್ಸು, ಇಬ್ಬರಿಗೆ.
ಈ ಊರಿನವರು ಉದುರಿಸುವ ಕೆಂಪು ಮಸಾಲೆ
ಅವಳ ಸೀಳಿದ ತುಟಿಗೆ ತಾಗಿ ಪೋಲಿಶ್‌ನಲ್ಲೊಂದು ಬೈಗುಳ.
ಕಲಿಸು ಅಂದೆ. ಕಲಿಸಿದಳು.
ನನ್ನ ಬಲಗಾಲು ಅಷ್ಟು ಹೊತ್ತೂ
ಒದ್ದೆ ಚಪ್ಪಡಿಯ ಮೇಲೆ, ಇಲ್ಲದ ಚುಕ್ಕೆಯನ್ನು
ಅಳಿಸುತ್ತಲೇ ಇತ್ತು.