ಒದ್ದೆ ಬುರುಡೆ, ಒಣ ಬುರುಡೆ

ಹದಡಿ ರಸ್ತೆಯ ಮುರಿಗೆಪ್ಪನ ನರ್ಸರಿಯಲ್ಲಿ
ಗಿಡಗಳಿಗೆ ಚೀಟಿ ಬರೆಯುವುದು ನನ್ನ ಕೆಲಸ.
ದಾಸವಾಳಕ್ಕೆ ಬಿಸಿಲು. ಜರಿಗಿಡಕ್ಕೆ ನೆರಳು.
ಹೊಸದಾಗಿ ಬಂದ ಲೆಮನ್ ಥೈಮ್‌ಗೆ ಮಾತ್ರ
ಟ್ರೇಯ ಜೊತೆಗಿದ್ದ ಕಾಗದ ನೋಡಿ ಬರೆದೆ:
ಶಾಖ, ಹದಿನೆಂಟರಿಂದ ಇಪ್ಪತ್ತೈದು ಡಿಗ್ರಿ.
ತೇವಾಂಶ, ನೂರಕ್ಕೆ ನಲವತ್ತರಿಂದ ಐವತ್ತು.
ಬರೆದು, ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತೆ.
ಶಾಖ ಸರಿ, ಮಕ್ಕಳ ಜ್ವರ ನೋಡಿದವಳಿಗೆ ಗೊತ್ತು.
ಗಾಳಿಯೊಳಗಿನ ನೀರನ್ನು ಯಾವ ಸೇರಿನಲ್ಲಿ ಅಳೆಯಲಿ?

‘ಚೀಟಿ ಮ್ಯಾಲೆ ಬುರುಡೆ ಬಿಡಬ್ಯಾಡವ್ವ’ ಅಂದರು
ಮೆಂತ್ಯದ ಬೀಜಕ್ಕೆ ಬಂದಿದ್ದ ಚಮನ್‌ಸಾಬರು.
‘ಬುರುಡೆ ನನ್ನ ಹತ್ರ ಅದಾವು, ಎರಡು. ನಾಳೆ ತರ್ತೀನಿ.’

ತಂದರು.
ಹಲಗೆಗೆ ಬಿಗಿದ ಎರಡು ಗಾಜಿನ ಕಡ್ಡಿ,
ಮಿಲ್ಲು ಮುಚ್ಚಿದ ದಿನ
ಯಾರ ಲೆಕ್ಕಕ್ಕೂ ಸಿಗದೆ ಅವರ ಚೀಲ ಸೇರಿದ್ದು.
ಒಂದರ ಬುರುಡೆ ಬರಿಮೈ. ಇನ್ನೊಂದಕ್ಕೆ ಬಟ್ಟೆಯ ಅಂಗಿ,
ಅಂಗಿಯ ಬಾಲ ಪುಟ್ಟ ಡಬ್ಬಿಯ ನೀರಿನಲ್ಲಿ.
ಗಾಳಿಗೆ ಬಾಯಾರಿದಷ್ಟೂ
ಅಂಗಿ ತೊಟ್ಟದ್ದು ತಣ್ಣಗಾಗುತ್ತಾ ಹೋಗುತ್ತದೆ.
ಎರಡರ ನಡುವೆ ಎಷ್ಟು ಅಂತರವೋ ಅಷ್ಟು ಒಣಗಾಳಿ.

ಮೂವತ್ತೊಂದು ವರ್ಷ ಈ ಮನುಷ್ಯ
ಮಗ್ಗದ ಶೆಡ್ಡಿಗೆ ಮೋಡ ಮಾಡಿ ಕೊಟ್ಟವರು.
ಒಣಗಾಳಿಗೆ ನೂಲು ಪಟಪಟ ಹರಿಯುತ್ತದಂತೆ,
ಎಂಬತ್ತರ ಕೆಳಗೆ ಇಳಿದರೆ ಮೇಸ್ತ್ರಿಯ ಸೀಟಿ.
ಹೊರಗೆ ಏಪ್ರಿಲ್ಲು ಊರನ್ನು ಹುರಿಯುವಾಗ
ಒಳಗೆ ಶ್ರಾವಣ. ಗೋಡೆಗೆ ಬೆವರು,
ಬುತ್ತಿಯ ರೊಟ್ಟಿಗೆ ಸಂಜೆಯೊಳಗೆ ಬೂಷ್ಟು.
‘ಬೆಂಕಿಕಡ್ಡಿ ಗೀರಿದ್ರ ಹತ್ತತಿರಲಿಲ್ಲ, ಹಂಗಾಗಿ
ಬೀಡಿ ಬಿಟ್ಟೆ. ಕೆಮ್ಮು ಬಿಡಲಿಲ್ಲ.’

ಬೀಜದ ಲೆಕ್ಕದ ಪುಸ್ತಕವನ್ನು ತಿರುಗಿಸಿ
ಹಿಂದಿನ ಪುಟಗಳಲ್ಲಿ ಬರೆಯತೊಡಗಿದೆವು.
ಏಪ್ರಿಲ್: ಮೂವತ್ತೊಂಬತ್ತು, ಇಪ್ಪತ್ತೆರಡು.
ಮಂಡಕ್ಕಿ ಭಟ್ಟಿಗಳ ಕಡೆಯಿಂದ ಸುಡುಗಾಳಿ,
ತುದಿಗಳು ಸೀದವು, ಗಿಡ ಬದುಕಿತು.
ಜುಲೈ: ಇಪ್ಪತ್ನಾಲ್ಕು, ಇಪ್ಪತ್ತೆರಡೂವರೆ.
ಶಾಖ ಚೀಟಿಯಲ್ಲಿದ್ದ ಹಾಗೇ ಇದೆ, ಮುರಿಗೆಪ್ಪನಿಗೆ ಖುಷಿ.
ಅಂಗಡಿಯ ಡಬ್ಬಿಯಲ್ಲಿ ಮಂಡಕ್ಕಿ ಮೆತ್ತಗಾಯಿತು,
ಮರುದಿನ ಮೂರು ಕುಂಡದಲ್ಲಿ ಬುಡ ಕಪ್ಪು.
ಕಿತ್ತು ಮೂಸಿದೆ. ಕೊಳೆತರೂ ನಿಂಬೆಯ ವಾಸನೆ.

ಉಳಿದವಕ್ಕೆ ಮಣ್ಣು ಕಡಿಮೆ ಮಾಡಿ ಜಲ್ಲಿ ತುಂಬಿದೆ,
ಒತ್ತೊತ್ತಿಗೆ ಇದ್ದವನ್ನು ದೂರ ಸರಿಸಿದೆ,
ನಡುವೆ ಗಾಳಿ ಓಡಾಡಲೆಂದು.
ಚಮನ್‌ಸಾಬರು ಕುಕ್ಕರಗಾಲಿನಲ್ಲಿ ಕೂತು
ಅಕ್ಕಿಕಾಳಿನಷ್ಟು ಎಲೆ ತಿಕ್ಕಿ ಮೂಸುತ್ತಾ ಅಂದರು:
‘ನೂಲಿಗೆ ಎಷ್ಟು ಅಂತ ಗೋಡೆ ಮ್ಯಾಲೆ ಬರೆದಿದ್ರು,
ಕೆಂಪು ಬಣ್ಣದಾಗ, ಇಷ್ಟಿಷ್ಟುದ್ದ ಅಕ್ಷರ.
ಇದಕ್ಕ ನೀ ಬರೆದಿ.’
ಆಮೇಲೆ ಏನೋ ಹೇಳಲಿದ್ದರು,
ಬಸ್ಸು ಬಂತು, ಎದ್ದರು.

ನವೆಂಬರ್ ಹದಿನಾಲ್ಕು, ಮಧ್ಯಾಹ್ನ ಮೂರು.
ಒಣದು ಇಪ್ಪತ್ನಾಲ್ಕು, ಒದ್ದೆ ಹದಿನೇಳು.
ಕೋಷ್ಟಕದ ಮೇಲೆ ಬೆರಳಾಡಿಸಿದರೆ ನಲವತ್ತೊಂಬತ್ತು.
ಗಿಡ ಕುಂಡದ ಅಂಚು ದಾಟಿ ಕೆಳಗೆ ಇಣುಕುತ್ತಿದೆ.
ಬೆಂಚಿನ ಮೇಲೆ ಚಮನ್‌ಸಾಬರಿಗೆ ಜೊಂಪು,
ಎರಡು ತಾಸು, ಒಂದು ಸಲವೂ ಕೆಮ್ಮಲಿಲ್ಲ.
ಅದನ್ನೂ ಬರೆದೆ, ಅಂಕಿಗಳ ಪಕ್ಕ, ಸಣ್ಣಗೆ.
ಅವರಿಗೆ ಹೇಳಲಿಲ್ಲ.

ಬುರುಡೆಯ ಅಂಗಿ ಹಳದಿಗಟ್ಟಿತ್ತು.
ಎದ್ದವರು ಜೇಬಿನಿಂದ ಬಟ್ಟೆಯ ಚೂರು ತೆಗೆದರು,
ಮಿಲ್ಲಿನ ಕೊನೆಯ ತಾನಿನದಂತೆ,
ದಾರ ಕಟ್ಟಿ, ತುದಿಯನ್ನು ಡಬ್ಬಿಗೆ ಇಳಿಬಿಟ್ಟರು.
ನೀರು ಮೇಲೇರುವುದನ್ನು
ಇಬ್ಬರೂ ಬಗ್ಗಿ ನೋಡುತ್ತಿದ್ದೆವು.
ಯಾರೋ ಗೇಟಿನಲ್ಲಿ ಕೇಳುತ್ತಿದ್ದರು,
ಗುಲಾಬಿ ಎಷ್ಟಕ್ಕೆ ಕೊಡ್ತೀರಿ ಅಂತ.