ಗ್ರಾಮಿನ ಲೆಕ್ಕ

ಎರಡು ಕಿಲೋ ಎಂಟುನೂರ ಎಪ್ಪತ್ತು.
ನರ್ಸ್ ಓದಿದ್ದು ನಂಬದೆ ನಾನೇ ಬಗ್ಗಿ ನೋಡಿದೆ.
ಅಭ್ಯಾಸ ಬಲ;
ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಹದಿಮೂರು ವರ್ಷ
ಮುಳ್ಳಿನ ಮೇಲೆ ಕಣ್ಣಿಟ್ಟವನು.
ಹುಟ್ಟಿದಾಗ ಮೂರೂಕಾಲು ಇದ್ದ.
ಐದು ವಾರ ಕುಡಿದದ್ದೆಲ್ಲ ಎಲ್ಲಿ ಹೋಯಿತು?

ಎಲ್ಲಿ ಹೋಯಿತೆಂದು ನಮ್ಮನೆ ಗೋಡೆಗೆ ಗೊತ್ತು.
ಕುಡಿದ ಕಾಲು ಗಂಟೆಗೆ
ಮೊಳ ದೂರ ಚಿಮ್ಮುತ್ತಿತ್ತು ಹಾಲು.
ಕಕ್ಕಿದವನು ಅಳದೆ
ಮತ್ತೆ ಹಸಿದು, ಬಾಯಿ ತೆರೆದು ಹುಡುಕುತ್ತಿದ್ದ.
ಅದೇ ನೋಡಲಾಗದ್ದು.
ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ
ಗ್ಯಾಸ್ ಒಲೆಯ ಉರಿಗೇ ಹಾಕಿದಳು.
ಘಾಟು ಬರಲಿಲ್ಲ.
"ಕಂಡ್ಯಾ, ದೃಷ್ಟೀನೇ" ಎಂದಳು.

ಡಾಕ್ಟರು ಎರಡು ಬೆರಳಿಟ್ಟು
ಕಣ್ಣು ಮುಚ್ಚಿ ಹೊಟ್ಟೆಯಲ್ಲಿ ಹುಡುಕಿ
"ಇಲ್ಲಿದೆ" ಎಂದರು.
ಜಠರದ ಕೆಳಬಾಯಿ ದಪ್ಪಗಾಗಿ ಬಿಗಿದಿದೆಯಂತೆ,
ಒಂದು ಗೋಲಿಯಷ್ಟು.
ಗೋಲಿ ಗೊತ್ತು ನನಗೆ:
ಜರಡಿಯಿಂದ ಉದುರುವ ಚಿಕ್ಕ ಗಡ್ಡೆ,
ದರವಿಲ್ಲದ್ದು, ದನಕ್ಕೆ ಸುರಿಯುವುದು.

ಎರಡು ದಿನ ತಲೆಯ ನರಕ್ಕೆ ಸೂಜಿ, ಹನಿ ಹನಿ ಉಪ್ಪುನೀರು.
ಮೂರನೆಯ ಬೆಳಗ್ಗೆ ಕಾಗದ ಕೊಟ್ಟರು.
ಹೆಸರಿನ ಜಾಗದಲ್ಲಿ 'ಬೇಬಿ ಆಫ್ ಪಂಕಜಾಕ್ಷಿ'.
ಮೂರನೇ ತಿಂಗಳಿಗೆ ನಾಮಕರಣವೆಂದಿದ್ದೆವು,
ಹೆಸರಿಲ್ಲದವನ ಜೀವಕ್ಕೆ ನನ್ನ ರುಜು.
ದಿನಕ್ಕೆ ನೂರು ಚೀಟಿಗೆ ಹಾಕುವ ಅದೇ ರುಜು
ಇಲ್ಲಿ ಬಾಲ ತಪ್ಪಿ ಗೆರೆ ದಾಟಿತು.

ನರ್ಸ್ ಉಡಿದಾರ ಕತ್ತರಿಸಿದಳು,
ಹಣೆಯ ಕಾಡಿಗೆ ಬೊಟ್ಟು ಸ್ಪಿರಿಟ್ಟಿನಲ್ಲಿ ಒರೆಸಿದಳು,
ಕರಿಮಣಿ ಬಿಚ್ಚಿ ಹತ್ತಿಯಲ್ಲಿ ಸುತ್ತಿ ನನ್ನ ಕೈಗಿಟ್ಟಳು.
ಜೇಬಿನಲ್ಲಿ ಮಂಡಿ ಚೀಟಿಗಳ ನಡುವೆ ಇಟ್ಟುಕೊಂಡೆ.
ಹಸಿರು ಬಟ್ಟೆಯೊಳಗೆ ಒಂದು ಪಾದ ಮಾತ್ರ ಕಂಡಿತು.
ಬಾಗಿಲು ಎರಡು ಸಲ ಅಲ್ಲಾಡಿ ನಿಂತಿತು.

ಇಲಿಯಾಸ್ ಫೋನು ಮಾಡಿದ,
"ಅಣ್ಣಾ, ಲಾರಿ ನಿಂತೈತೆ, ತೂಕಕ್ಕೆ ಯಾರೂ ಇಲ್ಲ."
ಆಮೇಲೆ ಏನೋ ನೆನಪಾಗಿ
"ಬಿಡಿ, ನಾನೇ ನೋಡ್ಕೋತೀನಿ" ಎಂದ.
ಚೀಲಕ್ಕೆ ಒಂದು ಕಿಲೋ, ಮಣ್ಣಿನ ಬಾಬ್ತು,
ಕಳೆದು ಬರೆಯುವುದು ಮಂಡಿಯ ರೂಢಿ.
ಮಣ್ಣು ಅಷ್ಟಿರುತ್ತದೋ ಇಲ್ಲವೋ
ನಾನು ಯಾವತ್ತೂ ಬಗ್ಗಿ ನೋಡಿದ್ದಿಲ್ಲ.
ಅವ್ವ ಏನೂ ಅನ್ನಲಿಲ್ಲ.
ಬೆಂಚಿನ ಮೇಲೆ ಕೂತು ನಾನೇ ಅಂದುಕೊಂಡೆ,
ಅಂದುಕೊಂಡದ್ದನ್ನು ಯಾರಿಗೂ ಹೇಳಲಿಲ್ಲ.

ಪಂಕಜಾಕ್ಷಿಯ ರವಿಕೆ ಎರಡೂ ಕಡೆ ಒದ್ದೆ.
ರಾತ್ರಿಯಿಂದ ಅವನಿಗೆ ಕೊಡುವಂತಿಲ್ಲ,
ಹಾಲಿಗೆ ಅದು ಗೊತ್ತಿಲ್ಲ.
ಪರದೆಯ ಮರೆಯಲ್ಲಿ ಸ್ಟೀಲ್ ಲೋಟಕ್ಕೆ ಹಿಂಡಿ
ಹಿಡಿದುಕೊಂಡು ನಿಂತಳು, ಎಲ್ಲಿಗೆ ಚೆಲ್ಲುವುದು?
ಮೋರಿಗಾಗದು, ತುಳಿಯುವ ಕಡೆಗಾಗದು.
ಕೆಳಗಿಳಿದು, ಆಂಬುಲೆನ್ಸಿನ ಪಕ್ಕದ ಹೊಂಗೆ ಬುಡಕ್ಕೆ
ಬಗ್ಗಿ, ನಿಧಾನ ಸುರಿದಳು.
ಸೀಟಿನಲ್ಲಿ ಮಲಗಿದ್ದ ಡ್ರೈವರ್
ಎದ್ದು ಆ ಕಡೆ ತಿರುಗಿ ಕೂತ.
ಮಣ್ಣು ಕುಡಿದುಬಿಟ್ಟಿತು. ಕಕ್ಕಲಿಲ್ಲ.

ಮುಕ್ಕಾಲು ಗಂಟೆ ಎಂದಿದ್ದರು.
ಒಂದೂವರೆಯಾಯಿತು.
ಭಾವಮೈದ ಸಾಲಗಾಮೆ ರಸ್ತೆಯಿಂದ ತಂದ ಇಡ್ಲಿ
ಪೊಟ್ಟಣದೊಳಗೇ ಬೆವತು ತಣ್ಣಗಾಯಿತು.
ಬಾಗಿಲು ತೆರೆದಾಗ ಡಾಕ್ಟರ ಮುಖ ನೋಡಲಿಲ್ಲ ನಾನು,
ಚಪ್ಪಲಿ ನೋಡುತ್ತಿದ್ದೆ.
"ಕತ್ತರಿಸಿ ತೆಗೆದದ್ದೇನಿಲ್ಲ,
ಬಿಗಿ ಬಿಡಿಸಿದ್ದೇವೆ, ಅಷ್ಟೆ" ಅಂದವು ಚಪ್ಪಲಿಗಳು.

ರಾತ್ರಿ ಎಂಟಕ್ಕೆ ಎರಡು ಚಮಚ ಸಕ್ಕರೆ ನೀರು.
ಹತ್ತಕ್ಕೆ ಹಾಲು,
ಅಳೆದು, ಇಪ್ಪತ್ತೇ ಎಂ.ಎಲ್.
ಕಾಲು ಗಂಟೆ. ಆ ಕಾಲು ಗಂಟೆ ನಮಗೆ ಗೊತ್ತಿದ್ದದ್ದೇ.
ಪಂಕಜಾಕ್ಷಿ ಅವನ ಬಾಯನ್ನೇ,
ನಾನು ಗೋಡೆಯ ಗಡಿಯಾರವನ್ನು.
ಅವ್ವ ಮಡಿಸಿದ ಹಳೆಯ ಪಂಚೆ ತುಂಡನ್ನು
ಅಂಗೈ ಮೇಲೆ ಹರಡಿ
ಗಲ್ಲದ ಕೆಳಗೆ ಒಡ್ಡಿದ್ದಳು.

ಹದಿನೈದಾಯಿತು. ಇಪ್ಪತ್ತಾಯಿತು.
ಅವನು ಒಮ್ಮೆ ಮುಖ ಕಿವುಚಿದ,
ನಮ್ಮೂವರ ಉಸಿರು ನಿಂತಿತು,
ಆಕಳಿಸಿದ.

ನಡುರಾತ್ರಿ ಎಚ್ಚರಾದಾಗ ನೋಡಿದೆ:
ಅವ್ವ ಕೂತಲ್ಲೇ ನಿದ್ದೆ ಹೋಗಿದ್ದಳು,
ಕೈ ಇನ್ನೂ ಒಡ್ಡಿದಂತೆಯೇ ಇತ್ತು.
ಬಟ್ಟೆ ಮುಟ್ಟಿದೆ.
ಒಣಗಿತ್ತು.